ಬನಹಟ್ಟಿಯ ಡ್ರಮ್ಮು, ನನ್ನ ಎಡಗೈ

ಆ ಫೋನು ಬಂದಾಗ ನಾನು ಮೆಂತ್ಯದ ಸೊಪ್ಪು ಸೋಸುತ್ತ ಕೂತಿದ್ದೆ.

"ಅಕ್ಕಾರ, ಇನ್ನೂ ಎರಡು ಕಡೆ ಕರದಾರ್ರಿ. ಮುಧೋಳದಾಗ ಒಂದು, ನಿಮ್ಮ ಜಮಖಂಡ್ಯಾಗ ಒಂದು. ಗಾಡಿಗೂ ಹೇಳಿಬಿಟ್ಟೇನಿ," ಎಂದ ನಮ್ಮ ಗಿಟಾರಿನವ. ನನ್ನನ್ನು ಕೇಳುವ ಮೊದಲು ಗಾಡಿಯವನಿಗೆ ಹೇಳುವುದು ಅವನ ಹಳೆಯ ಚಾಳಿ. ಮೂವತ್ತು ವರ್ಷದಲ್ಲಿ ಅವನ ತಲೆಗೂದಲು ಹೋಗಿದೆ, ಚಾಳಿ ಹೋಗಿಲ್ಲ.

"ನನ್ನ ಮೊಣಕಾಲಿಗೆ ಯಾರು ಹೇಳವ್ರು?" ಎಂದೆ.

"ಅದಕ್ಕ ನೀವ ಹೇಳ್ಕೋರಿ," ಎಂದು ಫೋನಿಟ್ಟ.

ನಮ್ಮದು ನಾಲ್ಕು ಜನರ ಬ್ಯಾಂಡು. ಗಿಟಾರಿನವ ಬನಹಟ್ಟಿಯಲ್ಲಿ ನೂಲಿನ ಅಂಗಡಿ ಇಟ್ಟವನು, ಅದಕ್ಕೂ ಮೊದಲು ಅಪ್ಪನ ಮಗ್ಗ ನಡೆಸಿದವನು. ಡ್ರಮ್ಮಿನವ ಅದೇ ಓಣಿಯವನು, ಇವತ್ತಿಗೂ ನಾಲ್ಕು ಪಾವರಲೂಮು ನಡೆಸುತ್ತಾನೆ. ಕೀಬೋರ್ಡಿನವ ಸಮೀರವಾಡಿಯ ಕಡೆಯವನು, ಸಕ್ಕರೆ ಕಾರ್ಖಾನೆಯಲ್ಲಿ ಕಾರಕೂನನಾಗಿದ್ದು ನಿವೃತ್ತನಾದವನು. ಹಾಡುವವಳು ನಾನು, ಜಮಖಂಡಿಯ ಕನ್ನಡ ಸಾಲೆಯಲ್ಲಿ ಟೀಚರಾಗಿದ್ದವಳು. ವಯಸ್ಸಿನಲ್ಲಿ ಮೂವರಿಗಿಂತ ಒಂದೆರಡು ವರ್ಷ ದೊಡ್ಡವಳಾದ್ದರಿಂದ ಅವರ ಬಾಯಲ್ಲಿ ಮೊದಲಿನಿಂದಲೂ ಅಕ್ಕಾರ.

ನಾವು ಶುರು ಮಾಡಿದಾಗ ಈ ಭಾಗದಲ್ಲಿ ಎಲ್ಲಿ ನೋಡಿದರೂ ಸಿನಿಮಾ ಹಾಡಿನ ಆರ್ಕೆಸ್ಟ್ರಾಗಳು. ನಮಗೆ ಅದು ಬೇಡವಾಗಿತ್ತು. ಬಟ್ಟೆಯ ಬ್ಯಾನರಿನ ಮೇಲೆ ಪೇಂಟರನಿಂದ 'ರಾಕ್ ಬ್ಯಾಂಡ್' ಎಂದು ದೊಡ್ಡದಾಗಿ ಬರೆಸಿದೆವು. ಅದನ್ನು ನೋಡಿದ ಜನ ಮದುವೆಯ ಬ್ಯಾಂಡಿನವರೆಂದು ತಿಳಿದು, "ವರಾತಕ್ಕ ಬರ್ತೀರೇನ್ರಿ? ಕುದುರಿ ನಾವ ತರ್ತೇವಿ," ಎಂದು ಕೇಳಿಕೊಂಡು ಬರುತ್ತಿದ್ದರು. ನಾವು ಹಾಡುತ್ತಿದ್ದುದು ನಾವೇ ಕಟ್ಟಿದ ಹಾಡು. ಕರೆಂಟು ಹೋದದ್ದರ ಮೇಲೆ ಒಂದು, ತಪ್ಪಿದ ಬಸ್ಸಿನ ಮೇಲೆ ಒಂದು. ಸೀರೆಯುಟ್ಟ ಟೀಚರು ಮೈಕು ಹಿಡಿದು ಕರೆಂಟಿಗೆ ಬೈಯುವುದನ್ನು ಕೇಳಲು ಜನ ಟ್ರ್ಯಾಕ್ಟರು ಹತ್ತಿ ಬರುತ್ತಿದ್ದರು. ನಮ್ಮ ಹೆಡ್ ಮಾಸ್ತರರು ಮಾತ್ರ ಎರಡು ವರ್ಷ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ನಾನೂ ಆಡಲಿಲ್ಲ.

ಆಮೇಲೆ ನನಗೆ ವರ್ಗ ಆಯಿತು, ಉಳಿದವರಿಗೆ ಮದುವೆ, ಮಕ್ಕಳು. ಯಾರೂ ಜಗಳ ಆಡಲಿಲ್ಲ, ಬ್ಯಾಂಡು ತಾನಾಗಿ ನಿಂತಿತು. ಹೋದ ದೀಪಾವಳಿಗೆ ಬನಹಟ್ಟಿಯಲ್ಲಿ ತಮಾಷೆಗೆಂದು ಒಮ್ಮೆ ಕೂಡಿ ಬಾರಿಸಿದ್ದೇ ತಪ್ಪಾಯಿತು ನೋಡಿ, ಊರೂರಿನಿಂದ ಕರೆ ಶುರುವಾದವು. ಮುಧೋಳ, ಜಮಖಂಡಿ ಎರಡೇ, ಮುಂದೆ ನನ್ನನ್ನು ಕರೆಯಬೇಡಿ ಎಂದು ಕಡ್ಡಿ ಮುರಿದ ಹಾಗೆ ಹೇಳಿದೆ. ಕಾರಣ ಮೊಣಕಾಲಲ್ಲ, ದನಿ. ಮೊದಲು ಸಲೀಸಾಗಿ ಹತ್ತುತ್ತಿದ್ದ ಕಡೆ ಈಗ ಒಡೆಯುತ್ತದೆ. ಎಲ್ಲ ಹಾಡನ್ನೂ ಕೆಳಗಿನ ಶ್ರುತಿಗೆ ಇಳಿಸಿಕೊಂಡಿದ್ದೆವು, ಆದರೂ ಒಡೆಯುತ್ತದೆ.

ನಮ್ಮ ಬ್ಯಾಂಡಿಗೆ ಒಂದು ಪದ್ಧತಿ ಇತ್ತು. ನಾವು ಕಲಿತದ್ದೇ ಡ್ರಮ್ಮಿನವನ ಮಗ್ಗದ ಶೆಡ್ಡಿನಲ್ಲಿ, ಮಗ್ಗಗಳು ಓಡುತ್ತಿರುವಾಗಲೇ. ಪಾವರಲೂಮು ನಡೆಯುವಲ್ಲಿ ಮನುಷ್ಯರ ಮಾತು ಕೇಳಿಸುವುದಿಲ್ಲ, ಅಲ್ಲಿ ಎಲ್ಲವೂ ಕೈಸನ್ನೆ. ಎರಡು ಬೆರಳು ಸುತ್ತಿದರೆ ಕಂಡಿಕೆಯ ನೂಲು ಮುಗಿದಿದೆ, ಚಿವುಟಿದ ಹಾಗೆ ಮಾಡಿದರೆ ಎಳೆ ಹರಿದಿದೆ, ತುಟಿಯ ಹತ್ತಿರ ಮುಷ್ಟಿ ತಂದರೆ ಚಹಾ. ಅಂಗೈ ಬಿಚ್ಚಿ ಮೇಲೆತ್ತಿದರೆ ಮಗ್ಗ ನಿಲ್ಲಿಸು. ಹಾಡಿಗೂ ಅವೇ ಸನ್ನೆ ಹೊಂದಿಸಿಕೊಂಡಿದ್ದೆವು. ಬೇರೆ ಬ್ಯಾಂಡಿನವರು ಒನ್ ಟೂ ಥ್ರೀ ಎಂದು ಎಣಿಸಿ ಶುರು ಮಾಡಿದರೆ ನಮ್ಮವರು ಒಬ್ಬರ ಕೈ ಒಬ್ಬರು ನೋಡುತ್ತಿದ್ದರು.

ಈ ಸಲದ ಪ್ರಾಕ್ಟೀಸು ನೂಲಿನ ಅಂಗಡಿಯ ಹಿಂದಿನ ಗೋದಾಮಿನಲ್ಲಿ. ಎರಡನೇ ದಿನವೇ ತೊಂದರೆ ಕಂಡಿತು. ಗಿಟಾರಿನವ ಹುರುಪಿನಲ್ಲಿ ಮುಂದೆ ಬಂದು ನಡುವೆ ನಿಂತನೆಂದರೆ ಡ್ರಮ್ಮು ದಾರಿ ತಪ್ಪುತ್ತಿತ್ತು. ಅವನು ಪಕ್ಕಕ್ಕೆ ಸರಿದರೆ ಮತ್ತೆ ಸರಿ. ಡ್ರಮ್ಮಿನವ ಚಹಾಕ್ಕೆಂದು ಹೊರಗೆ ಹೋದಾಗ ಗಿಟಾರಿನವ ಬಾಗಿಲು ಮುಂದೆ ಮಾಡಿದ.

"ಅಂವಗ ಕಿವಿ ಹೋಗ್ಯಾವ್ರಿ ಅಕ್ಕಾರ. ಮಗ್ಗ ತಿಂದೈತಿ. ಕೀಬೋರ್ಡಿನಾಗ ಡ್ರಮ್ಮಿನ ಮಶೀನು ಐತಿ, ಅದನ್ನ ಹಚ್ಚೂನು. ಅವನ್ನ ಮುಂದಿನ ಸಾಲಿನ್ಯಾಗ ಕುಂಡ್ರಿಸಿ ಒಂದು ಶಾಲು ಹಾಕೂನು."

"ಮತ್ತ ಇದನ್ನ ಅವಗ ಹೇಳವ್ರು ಯಾರು?"

ಅವನೂ ಕೀಬೋರ್ಡಿನವನೂ ನನ್ನ ಮುಖ ನೋಡಿದರು. ನನಗೆ ಮೈಯೆಲ್ಲ ಉರಿಯಿತು. ಕಹಿ ಔಷಧ ಕುಡಿಸುವ ಕೆಲಸ ಬಂದಾಗ ಗಂಡಸರಿಗೆ ಯಾವಾಗಲೂ ಟೀಚರು ನೆನಪಾಗುತ್ತಾಳೆ.

ಮರುದಿನ ಅವನ ಶೆಡ್ಡಿಗೆ ಹೋದೆ. ನಾಲ್ಕೂ ಮಗ್ಗ ಓಡುತ್ತಿದ್ದವು. ಆ ಸದ್ದಿಗೆ ನನ್ನ ಹಲ್ಲು ನಡುಗಿದವು. ಅವನ ಹೆಂಡತಿ ಆ ತುದಿಯಿಂದ ಬೆರಳಾಡಿಸಿ ಏನೋ ಕೇಳಿದಳು, ಅವನು ಈ ತುದಿಯಿಂದ ಉತ್ತರ ಕೊಟ್ಟ, ಅವಳು ಬಿದ್ದು ಬಿದ್ದು ನಕ್ಕಳು. ಬಹುಶಃ ನನ್ನನ್ನೇ ಆಡಿಕೊಂಡಿದ್ದರು. ನನಗೆ ಗೊತ್ತಿದ್ದ ನಾಲ್ಕಾರು ಸನ್ನೆ ಸಾಲದೆ, ಅಷ್ಟು ಹೊತ್ತೂ ಆ ಶೆಡ್ಡಿನಲ್ಲಿ ಏನೂ ತಿಳಿಯದೆ ನಿಂತವಳು ನಾನೊಬ್ಬಳೇ.

ಅವನು ನನ್ನನ್ನು ಹೊರಗಿನ ಕಟ್ಟೆಗೆ ಕರೆತಂದ. ನಾನು ಮಳೆ ಬೆಳೆ ಎಂದು ಸುತ್ತು ಬಳಸಿ ಮಾತು ತೆಗೆದೆ. ಅವನು ನನ್ನ ತುಟಿಯನ್ನೇ ನೋಡುತ್ತಿದ್ದ.

"ಅಕ್ಕಾರ, ನನಗ ಕಿವಿ ಕೇಳಸೂದಿಲ್ಲ, ಬಿಟ್ಟುಬಿಡು ಅಂತ ಹೇಳಾಕ ಬಂದೀರಿ, ಹೌದಲ್ರಿ?"

ನಾನು ಹೌದೆಂದು ತಲೆಯಾಡಿಸಿದೆ.

"ಹತ್ತು ವರ್ಷ ಆತ್ರಿ, ಏನಂದ್ರ ಏನೂ ಕೇಳಸೂದಿಲ್ಲ. ದೀಪಾವಳಿಗೆ ಬಾರಿಸಿದ್ನೆಲ್ರಿ, ಅದನ್ನೂ ಕೇಳಿಲ್ಲ. ನಾ ನಿಮ್ಮ ಎಡಗೈ ನೋಡತೇನ್ರಿ. ಹಾಡೂ ಮುಂದ ನೀವು ತೊಡಿ ಮ್ಯಾಲೆ ತಾಳ ಹಾಕತೀರಿ, ಸಾಲಿ ಹುಡುಗರಿಗೆ ಹಾಕಿದಂಗ. ಅದು ಕಾಣತಿರಬೇಕು, ಅಷ್ಟ ಸಾಕು. ಉಳಿದದ್ದು ಕಾಲಿಗೆ ತಿಳಿತೈತಿ."

ನನ್ನ ಕೈ ಹಾಗೆ ಆಡುತ್ತದೆಂಬುದೇ ನನಗೆ ಗೊತ್ತಿರಲಿಲ್ಲ. ಅವನು ಇನ್ನೊಂದು ಮಾತು ಹೇಳಿದ, ದನಿ ಸಣ್ಣದು ಮಾಡಿ. "ಇದನ್ನೂ ಕಸಗೊಂಡ್ರ ನನಗ ಶೆಡ್ ಒಂದ ಉಳಿತೈತ್ರಿ."

ಆ ಸಂಜೆ ಗಿಟಾರಿನವನಿಗೆ ಎಲ್ಲ ಬಿಡಿಸಿ ಹೇಳಿದೆ. ಡ್ರಮ್ಮಿನವ ಇಲ್ಲದಿದ್ದರೆ ನಾನೂ ಇಲ್ಲ ಎಂದೂ ಹೇಳಿದೆ. ಅವನು ಮುಖ ಗಂಟು ಹಾಕಿಕೊಂಡು ಒಪ್ಪಿದ. ಒಪ್ಪುವಾಗಲೂ ಒಂದು ಕಂಡೀಷನ್ನು: "ಮುಧೋಳ ನೋಡೂನು. ಅಲ್ಲಿ ತಪ್ಪಿದ್ನೆಂದ್ರ ಜಮಖಂಡಿಗೆ ಮಶೀನು. ಆಮ್ಯಾಲೆ ನೀವು ನಡಬರಕ ಬರಬ್ಯಾಡ್ರಿ."

ಮುಧೋಳದ ಕಾರ್ಯಕ್ರಮ ಮಧ್ಯಾಹ್ನ, ಒಂದು ಕಾಲೇಜಿನ ಹಾಲಿನಲ್ಲಿ. ನಮ್ಮ ಮಕ್ಕಳಿಗಿಂತ ಸಣ್ಣ ವಯಸ್ಸಿನ ಹುಡುಗರು ಮೊದಲು ನಮ್ಮ ಹೊಟ್ಟೆ ನೋಡಿ ನಕ್ಕರು, ಮೂರನೇ ಹಾಡಿಗೆ ಕುರ್ಚಿ ಬಿಟ್ಟೆದ್ದು ಕುಣಿಯತೊಡಗಿದರು. ನನ್ನ ಎಡಗೈ ತೊಡೆಯ ಮೇಲೆ ಶಿಸ್ತಾಗಿ ಬೀಳುತ್ತಿತ್ತು. ಗಿಟಾರಿನವ ನಡುವೆ ಬಂದಾಗೆಲ್ಲ ನಾನು ಕಣ್ಸನ್ನೆಯಲ್ಲೇ ಪಕ್ಕಕ್ಕೆ ಸರಿಸುತ್ತಿದ್ದೆ, ಡ್ರಮ್ಮು ಗಡಿಯಾರ ಇಟ್ಟ ಹಾಗೆ ನಡೆದಿತ್ತು. ಕರೆಂಟಿನ ಹಾಡು ಬಂತು. ಅದರ ಭರದಲ್ಲಿ ನೋಡುತ್ತೇನೆ, ಹಿಂದಿನ ಬಾಗಿಲಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ನಿಂತಿದ್ದಾಳೆ, ಈಗ ಅದೇ ಕಾಲೇಜಿನ ಲೆಕ್ಚರರು. ಅವಳು ಕೈ ಬೀಸಿದಳು. ನಾನು ಖುಷಿಯಲ್ಲಿ ಎಡಗೈ ಎತ್ತಿ ಅಂಗೈ ಬಿಚ್ಚಿ ತೋರಿಸಿದೆ.

ಡ್ರಮ್ಮು ಟಪ್ಪನೆ ನಿಂತಿತು. ಗಿಟಾರು ನಿಂತಿತು. ಮಗ್ಗ ನಡೆಸಿ ಗೊತ್ತಿರದ ಕೀಬೋರ್ಡಿನವ ಮಾತ್ರ ನನ್ನ ಕೈ ನೋಡದೆ ಇನ್ನೊಂದಿಷ್ಟು ದೂರ ಹೋಗಿ ನಿಂತ. ಇಡೀ ಹಾಲಿನಲ್ಲಿ ಕರೆಂಟಿಗೆ ಬೈಯುವ ನನ್ನ ಒಡಕು ದನಿ ಒಂದೇ.

ಹುಡುಗರು ಅದೂ ಹಾಡಿನ ಭಾಗವೇ ಎಂದುಕೊಂಡು ಸೀಟಿ ಹೊಡೆದರು. ಗಿಟಾರಿನವ ತಿರುಗಿ ಡ್ರಮ್ಮಿನವನನ್ನು ದುರುಗುಟ್ಟಿ ನೋಡಿದ. ಡ್ರಮ್ಮಿನವ ನನ್ನತ್ತ ಒಮ್ಮೆ ನೋಡಿ, ಕೆಳಗೆ ಬಾಗಿ, ಬೀಳದ ಕೋಲನ್ನು ಎತ್ತಿಕೊಂಡವರ ಹಾಗೆ ಮೇಲೆ ಹಿಡಿದು ತೋರಿಸಿದ. ತಪ್ಪು ನಂದು ಎಂದ ಹಾಗೆ. ನಾನು ಬೆವರು ಒರೆಸಿಕೊಂಡು ಮತ್ತೆ ತಾಳ ಹಾಕಿದೆ, ಹಾಡು ಎದ್ದಿತು, ಮುಗಿಯಿತು. ಇಷ್ಟು ವರ್ಷ ಮಕ್ಕಳಿಗೆ ತಪ್ಪು ಮಾಡಿದರೆ ಎದ್ದು ನಿಂತು ಒಪ್ಪಿಕೊಳ್ಳಿ ಎಂದು ಕಲಿಸಿದ ನಾನು ಬಾಯಿ ಬಿಡಲಿಲ್ಲ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ವಾಪಸು ಬರುವಾಗ ಇನ್ನೂ ಬಿಸಿಲಿತ್ತು. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ನಮ್ಮ ಗಾಡಿ ಆಮೆಯ ಹಾಗೆ ಹೊರಟಿತ್ತು. ಮುಂದಿನ ಸೀಟಿನಲ್ಲಿದ್ದ ಗಿಟಾರಿನವ ನಮ್ಮ ಕಡೆ ತಿರುಗದೆಯೇ ಹೇಳಿದ, "ಜಮಖಂಡಿಗೆ ಮಶೀನು. ಆತು, ಮುಗೀತು."

ಡ್ರಮ್ಮಿನವ ನನ್ನ ಪಕ್ಕದಲ್ಲೇ ಕೂತು ಕಿಟಕಿಯಾಚೆ ನೋಡುತ್ತಿದ್ದ. ತುಟಿ ಕಂಡಿದ್ದರೆ ಅವನಿಗೆ ಮಾತು ತಿಳಿಯುತ್ತಿತ್ತು. ಅವನನ್ನು ಬ್ಯಾಂಡಿನಿಂದ ತೆಗೆದದ್ದು ಅವನಿಂದ ಒಂದು ಮೊಳದ ಅಂತರದಲ್ಲಿ, ಅವನಿಗೇ ಗೊತ್ತಾಗದ ಹಾಗೆ. ಅದನ್ನು ನನ್ನಿಂದ ಸಹಿಸಲಾಗಲಿಲ್ಲ.

"ಗಾಡಿ ನಿಲ್ಲಸ್ರಿ," ಎಂದೆ. ಸಾಲೆಯ ದನಿಯಲ್ಲೇ ಎಂದಿರಬೇಕು, ಡ್ರೈವರು ಕೂಡಲೇ ನಿಲ್ಲಿಸಿದ.

"ಹಾಡು ನಿಲ್ಲಿಸಿದಾಕಿ ನಾನು. ಕೈ ಎತ್ತಿದ್ದು ನಾನು. ಮಗ್ಗದ ಮನ್ಯಾಗ ಕೈ ಎತ್ತಿದ್ರ ಏನಂತ ನಿನಗ ಗೊತ್ತಿಲ್ಲೇನು? ಅಂವ ಕೋಲು ಬಿದ್ದೈತಂತ ಸುಳ್ಳ ಹೇಳಿದ, ನನ್ನ ಮಾನ ಉಳಸಾಕ."

"ಡ್ರಮ್ಮು ನಿಂತದ್ದಂತೂ ಖರೆ ಅಲ್ರಿ," ಎಂದ ಗಿಟಾರಿನವ.

"ಕಿವಿ ಇಲ್ಲದಾಂವ ನಿಂತ, ಸರಿ. ಚುರುಕ ಕಿವಿ ಅದಾವಲ್ಲ ನಿನಗ, ನೀ ಯಾಕ ನಿಂತಿ?"

ಮೊದಲು ನಕ್ಕವನು ಕೀಬೋರ್ಡಿನವ. ಆಮೇಲೆ ಡ್ರೈವರು, ಅವನಿಗೇನು ತಿಳಿಯಿತೋ ದೇವರೇ ಬಲ್ಲ. ಗಿಟಾರಿನವ ತನ್ನ ಕೈ ತಾನೇ ನೋಡಿಕೊಂಡ. ಎಷ್ಟೋ ವರ್ಷದ ಹಿಂದೆ ಮಗ್ಗ ಬಿಟ್ಟವನು, ನನ್ನ ಅಂಗೈ ಕಂಡ ಕೂಡಲೇ ಅವನ ಬೆರಳೂ ತಂತಿಯ ಮೇಲೆ ನಿಂತುಬಿಟ್ಟಿದ್ದವು. ಅವನು ಸೀಟಿನ ಮೇಲೆ ಪೂರ್ತಿ ಹಿಂದಕ್ಕೆ ತಿರುಗಿ, ಡ್ರಮ್ಮಿನವನ ಮೊಣಕಾಲು ತಟ್ಟಿ, ಒಂದೊಂದೇ ಮಾತು ಬಿಡಿಸಿ ಹೇಳಿದ. "ಜಮಖಂಡಿಗೆ ನೀನ ಬಾರಸು."

ಡ್ರಮ್ಮಿನವ ಮೂವರ ಮುಖವನ್ನೂ ಒಮ್ಮೆ ನೋಡಿದ. ಏನು ನಡೆದಿರಬಹುದೆಂದು ಅವನಿಗೆ ತಿಳಿದಿತ್ತು ಎಂದೇ ನನ್ನ ಎಣಿಕೆ. ಅವನು ಮುಷ್ಟಿಯನ್ನು ತುಟಿಗೆ ತಂದ. ಎಲ್ಲರೂ ಇಳಿದು ರಸ್ತೆ ಬದಿಯಲ್ಲಿ ಚಹಾ ಕುಡಿದೆವು.

ಜಮಖಂಡಿಯಲ್ಲಿ ಹಾಡಿದ್ದು ಸಾಲೆಯ ಮೈದಾನದಲ್ಲಿ, ಹೊತ್ತು ಮುಳುಗುವ ಮೊದಲು. ಮೊದಲಿನಿಂದಲೂ ನಟ್ಟನಡುವೆ ನಿಂತೇ ಬಾರಿಸಿದ ಗಿಟಾರಿನವ ಅವತ್ತು ತಾನಾಗಿ ಒಂದು ಬದಿಗೆ ಹೋಗಿ ನಿಂತ. ಅವನ ಮೇಲೆ ನನಗಿದ್ದ ಸಿಟ್ಟೆಲ್ಲ ಅಲ್ಲೇ ಇಳಿಯಿತು. ನಾನು ಪರಿಚಯದವರು ಎಷ್ಟು ಜನ ಕೈ ಬೀಸಿದರೂ ಎಡಗೈ ತೊಡೆ ಬಿಟ್ಟು ಎತ್ತಲಿಲ್ಲ, ಸೊಕ್ಕು ಬಂದಿದೆ ಎಂದುಕೊಂಡಿರಬೇಕು. ಡ್ರಮ್ಮು ಒಂದು ಏಟೂ ತಪ್ಪಲಿಲ್ಲ. ತಪ್ಪಿದ್ದು ನನ್ನ ದನಿ. ಕೊನೆಯ ಹಾಡಿನ ಏರಿನಲ್ಲಿ ನಡುವೆ ಒಡೆಯಿತು, ಮುಂದಿನ ಸಾಲಿನವರಿಗೆಲ್ಲ ಕೇಳಿಸುವ ಹಾಗೆ. ಇಳಿದು ಬಂದಾಗ ಬೀಳಗಿಯಿಂದ ಬಂದವರು ತಮ್ಮೂರಿಗೂ ಬರಬೇಕೆಂದು ದುಂಬಾಲು ಬಿದ್ದರು. ಇನ್ನು ಆಗುವುದಿಲ್ಲ ಎಂದು ನಾನು ಕೈ ಮುಗಿದೆ. ನಾನಿಲ್ಲದೆ ಡ್ರಮ್ಮಿನವ ಯಾರ ಕೈ ನೋಡುತ್ತಾನೆಂದು ಆಗ ನಾನು ಯೋಚಿಸಲಿಲ್ಲ.

ಅವನು ಡ್ರಮ್ಮು ಬಿಚ್ಚಿ ಚೀಲಕ್ಕೆ ಹಾಕುತ್ತಿದ್ದ. ಹತ್ತಿರ ಹೋದೆ.

"ಅಕ್ಕಾರ, ಇವತ್ತ ಭಾಳ ಛಲೋ ಹಾಡಿದ್ರಿ," ಎಂದ.

ಚೇಷ್ಟೆ ಮಾಡುತ್ತಿದ್ದಾನೆ ಎಂದುಕೊಂಡೆ. ಅವನ ಎದುರಿಗೆ ನಿಂತು, ತುಟಿ ಕಾಣುವಂತೆ ಹೇಳಿದೆ, "ನಿನಗೇನು ಕೇಳಿಸ್ತೋ? ನನ್ನ ದನಿ ಪೂರಾ ಒಡದು ಹೋಗೈತಿ. ಇದ ಕಡೀದು."

"ಒಡದಿದ್ದು ನನಗ ಗೊತ್ತಿಲ್ರಿ," ಎಂದ ಅವನು. "ನಿಮ್ಮ ಎಡಗೈ ಅಳ್ಳಾಡಿದ ಕೂಡ್ಲೆ ನನ್ನ ತಲ್ಯಾಗ ಆಗಿನ ದನಿ ಬರತೈತ್ರಿ. ಕಿವಿ ಇದ್ದಾಗ ಕೇಳಿದ್ದು. ಹಂಗ ಬರತೈತಿ, ಒಂದೀಟೂ ಹಾಳಾಗಿಲ್ಲ. ನೀವು ಹಾಡೂದ ಬಿಟ್ರ ಅದೂ ನಿಲ್ಲತೈತಿ, ಅಷ್ಟ."

ನನ್ನ ಆ ದನಿ ನನ್ನನ್ನು ಬಿಟ್ಟು ಹೋಗಿ ಎಷ್ಟೋ ವರ್ಷವಾಗಿದೆ. ಅದನ್ನು ಇನ್ನೂ ಕೇಳುತ್ತಿರುವವನು ಈ ಭೂಮಿಯ ಮೇಲೆ ಅವನೊಬ್ಬನೇ. ಕಣ್ಣೊರೆಸಿಕೊಂಡು, ಬೀಳಗಿಯವರು ಗಾಡಿ ಹತ್ತುವ ಮೊದಲು ಅವರ ಹಿಂದೆ ಓಡಿದೆ.