ಇಬ್ಬರ ಮಗ್ಗದಲ್ಲಿ ಒಬ್ಬಳೇ

ಆಕೆಯ ಬಲಗೈಯ ತೋರುಬೆರಳು ನೆಟ್ಟಗಾಗುತ್ತಿರಲಿಲ್ಲ. ಜಮಖಾನದ ಹಾಸುನೂಲಿನ ನಡುವೆ ಬಣ್ಣದ ನೂಲು ತೂರಿಸಿ ತೂರಿಸಿ ಅದು ಕೊಕ್ಕೆಯಂತೆ ಬಾಗಿ ಹಾಗೆಯೇ ಉಳಿದಿತ್ತು. ಸಿಟ್ಟಿನಲ್ಲಿ ಯಾರಿಗಾದರೂ ಬೆರಳು ತೋರಿಸಿ ಬೈದರೆ, ಬಾ ಎಂದು ಕರೆಯುತ್ತಿದ್ದಾಳೇನೋ ಅನ್ನಿಸುತ್ತಿತ್ತು. ಮಕ್ಕಳು ನಗುತ್ತಿದ್ದವು. ಆಕೆ ಇನ್ನಷ್ಟು ಬೈಯುತ್ತಿದ್ದಳು.

ಆಕೆ ನನ್ನ ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿ. ನಾನು ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದೆ. ನವಲಗುಂದದ ನಮ್ಮ ಮನೆಯಲ್ಲಿ ಜಮಖಾನ ನೇಯುವುದು ಸೊಸೆಯಂದಿರ ಕೆಲಸ. ಗೋಡೆಯಂತೆ ನಿಂತ ಮಗ್ಗದ ಮುಂದೆ ಒಂದೇ ಹಲಗೆಯ ಮೇಲೆ ಇಬ್ಬರೂ ಕೂತು, ಎಡ ಅರ್ಧ ನಾನು, ಬಲ ಅರ್ಧ ಆಕೆ ನೇಯುತ್ತಿದ್ದೆವು. ನನ್ನ ಕಡೆ ಸಡಿಲಾದರೆ ಆಕೆ ಮಾತಾಡದೆ ಬಿಚ್ಚಿ ಹಾಕುತ್ತಿದ್ದಳು. ಮನೆಯಲ್ಲಿ ನಮ್ಮ ಮಾತು ಉರ್ದು. ಆದರೆ ಸಿಟ್ಟು ಬಂದರೆ ಆಪಾಗೆ ಕನ್ನಡವೇ ಬೇಕು. ಆಕೆಯ ತವರು ಕುಂದಗೋಳದ ಕಡೆಯ ಹಳ್ಳಿ. ಜಗಳವನ್ನೆಲ್ಲ ತಾನು ಅಲ್ಲಿ ಕನ್ನಡದಲ್ಲೇ ಕಲಿತದ್ದು ಎನ್ನುತ್ತಿದ್ದಳು.

ಮೂವತ್ತು ದಾಟಿದ ಮೇಲೆ ನನಗೆ ಮಗ್ಗ ಸಾಕಾಯಿತು. ಕುತ್ತಿಗೆ ಎತ್ತಲು ಬರುತ್ತಿರಲಿಲ್ಲ. ಅಗ್ಗದ ಮಶೀನಿನ ಜಮಖಾನ ಬಂದು, ನಮ್ಮದನ್ನು ಕೇಳಿಕೊಂಡು ಬರುವವರೂ ಕಡಿಮೆಯಾದರು. ಅತ್ತೆ ಹಾಸಿಗೆ ಹಿಡಿದಿದ್ದಾಗ ಅವರನ್ನು ನೋಡಿಕೊಂಡವಳು ನಾನು; ಆ ಕೆಲಸ ಮಾತ್ರ ನನಗೆ ಬೇಸರ ತಂದಿರಲಿಲ್ಲ. ಮದುವೆಗೆ ಮುಂಚೆ ಪಿಯುಸಿ ಪಾಸಾಗಿದ್ದೆ. ಹುಬ್ಬಳ್ಳಿಯ ಒಂದು ನರ್ಸಿಂಗ್ ಶಾಲೆಯಲ್ಲಿ ಸೀಟು ಸಿಕ್ಕ ಮೇಲೆ ಮನೆಯಲ್ಲಿ ಹೇಳಿದೆ. ಗೂಡ್ಸ್ ಆಟೋ ಓಡಿಸುವ ನನ್ನ ಗಂಡ ಆಗಲಿ ಅಂದರು. ಆಪಾ ನೂಲು ಬಡಿಯುತ್ತಿದ್ದ ಕಬ್ಬಿಣದ ಪಂಜಾ ಕೆಳಗಿಟ್ಟಳು.

"ನೀ ಎದ್ದು ಹ್ವಾದ್ರ ನನ್ನ ಬಾಜೂಕ ಯಾರು ಕುಂಡ್ರತಾರ?"

ಆಕೆಗೆ ಸೊಸೆಯಿಲ್ಲ. ಹೆಣ್ಣುಮಕ್ಕಳು ಮದುವೆಯಾಗಿ ಹೋದವರು. ಹೊರಗಿನವರನ್ನು ಕೂರಿಸುವ ರೂಢಿ ನಮ್ಮಲ್ಲಿಲ್ಲ. ಆವತ್ತಿನಿಂದ ಆಕೆ ನನ್ನೊಡನೆ ಮಾತು ಬಿಟ್ಟಳು. ಆದರೆ ಶಾಲೆ ಸುರುವಾದ ದಿನ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ನನ್ನ ಡಬ್ಬಿಯಲ್ಲಿ ರೊಟ್ಟಿ ಪಲ್ಯ ತುಂಬಿತ್ತು; ನನ್ನ ಮಗಳಿಗೆ ಜಡೆ ಹಾಕಿಯಾಗಿತ್ತು. ಮರುದಿನವೂ ಹಾಗೇ. ಮಾತು ಮಾತ್ರ ಇಲ್ಲ.

ತರಗತಿಯಲ್ಲಿದ್ದವರೆಲ್ಲ ಆಗಷ್ಟೇ ಕಾಲೇಜು ಮುಗಿಸಿದ ಹುಡುಗಿಯರು. ನನಗೆ ಆಂಟಿ ಎನ್ನುತ್ತಿದ್ದರು, ಕೆಟ್ಟವರಲ್ಲ. ಪಾಠ ಇಂಗ್ಲಿಷಿನಲ್ಲಿ. ನಾನು ಒಂದು ಸಾಲು ಬಿಡಿಸಿಕೊಳ್ಳುವುದರೊಳಗೆ ಅವರು ಪುಟ ಮಗುಚಿರುತ್ತಿದ್ದರು. ಬಸ್ಸಿನಲ್ಲಿ ಪುಸ್ತಕ ತೆರೆದರೆ ಹತ್ತಿ ಹೊಲಗಳು ಸುರುವಾಗುವ ಮೊದಲೇ ನಿದ್ದೆ ಹತ್ತುತ್ತಿತ್ತು. ಸಂಜೆ ಮನೆಗೆ ಬಂದರೆ ಆಪಾ ಹಲಗೆಯ ಮೇಲೆ ಆ ತುದಿಯಿಂದ ಈ ತುದಿಗೆ ಸರಿದು ಸರಿದು ನೇಯುತ್ತಿರುತ್ತಿದ್ದಳು. ತನ್ನ ಪಾಲು ಮುಗಿಸಿ ನನ್ನ ಜಾಗಕ್ಕೆ, ಮತ್ತೆ ತನ್ನ ಜಾಗಕ್ಕೆ. ನೋಡಿಯೂ ನೋಡದವಳಂತೆ ನಾನು ಒಳಗೆ ಹೋಗಿಬಿಡುತ್ತಿದ್ದೆ.

ಮೊದಲ ವರ್ಷ ಅನಾಟಮಿಯಲ್ಲಿ ಫೇಲಾದೆ. ಆ ಸಂಜೆ ಯೂನಿಫಾರ್ಮ್ ಕೂಡ ಬದಲಿಸದೆ ಮಗ್ಗದ ಮುಂದೆ ನನ್ನ ಹಳೆಯ ಜಾಗದಲ್ಲಿ ಹೋಗಿ ಕೂತೆ. ಇನ್ನು ನಾನು ಹೋಗುವುದಿಲ್ಲ ಆಪಾ, ಅಂದೆ. ಆಕೆಯ ಕೈ ನಿಂತಿತು. ಮಾತಾಡುವ ಮುನ್ನ ಒಮ್ಮೆ ಕಣ್ಣು ಮುಚ್ಚಿ ತೆರೆದಳು, ಎಲ್ಲಿಂದಲೋ ಮಾತು ಎಳೆದು ತರುವವಳಂತೆ.

"ನಿನ್ನ ಮ್ಯಾಲಿನ ಸಿಟ್ಟು ನನಗಿನ್ನೂ ಇಳದಿಲ್ಲ ಬೇ. ಇಷ್ಟ್ ದಿನಾ ಒಬ್ಬಾಕಿನ ಜಗ್ಗೇನಿ. ನೀ ಈಗ ಅರ್ಧಕ್ಕ ತಿರುಗಿ ಬಂದ್ರ ನನ್ನ ಸಿಟ್ಟೂ ದಂಡ, ನಾ ದಣದಿದ್ದೂ ದಂಡ. ಏಳು."

ಎದ್ದೆ. ಧೈರ್ಯ ಬಂದು ಎದ್ದದ್ದಲ್ಲ, ಆಕೆಗೆ ಹೆದರಿ ಎದ್ದದ್ದು. ಆ ವಿಷಯಕ್ಕೆ ಮತ್ತೆ ಕೂತು ಪಾಸಾದೆ; ಉಳಿದ ವರ್ಷಗಳನ್ನೂ ಹಾಗೇ ತೂಕಡಿಸುತ್ತ, ತಡವರಿಸುತ್ತ ದಾಟಿದೆ. ಹುಬ್ಬಳ್ಳಿಯಲ್ಲೇ ಒಂದು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಆಪಾ ಶಭಾಷ್ ಅನ್ನಲಿಲ್ಲ. ದೊಡ್ಡ ಜಮಖಾನ ಬಿಟ್ಟು, ಒಬ್ಬಳೇ ನೇಯಬಹುದಾದ, ನಮಾಜಿಗೆ ಹಾಸುವ ಚಿಕ್ಕವನ್ನು ಹಿಡಿದಳು. ಇನ್ನಾದರೂ ಸಾಕು ಮಾಡು ಎಂದರೆ, ಸುಮ್ಮನೆ ಕೂತು ಏನು ಮಾಡಲಿ ಎಂದು ನನ್ನನ್ನೇ ಕೇಳುತ್ತಿದ್ದಳು. ನನ್ನ ರಜೆಯ ದಿನ ಬಿ.ಪಿ. ನೋಡಿಸಿಕೊಳ್ಳಲು ಓಣಿಯ ಹೆಂಗಸರು ಅಂಗಳದಲ್ಲಿ ಕಾದಿರುತ್ತಿದ್ದರು. ಕರೆದವಳು ಆಪಾ. ನನ್ನನ್ನು ಒಂದು ಮಾತು ಕೇಳಿರುತ್ತಿರಲಿಲ್ಲ. ಎಲ್ಲರೂ ತೋರಿಸಿಕೊಂಡು ಹೋದ ಮೇಲೆ ನನ್ನ ಮುಂದೆ ಚಹಾ ಇಟ್ಟು ಒಳಗೆ ಹೋಗುತ್ತಿದ್ದಳು.

ಹೋದ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವಳು ಏಳಲಿಲ್ಲ. ಎದೆ ನೋಯುತ್ತದೆಂದು ಯಾರಿಗೂ ಹೇಳಿರಲಿಲ್ಲ, ನನಗೂ ಹೇಳಿರಲಿಲ್ಲ. ಡ್ಯೂಟಿಯಲ್ಲಿದ್ದ ನಾನು ಸುದ್ದಿ ತಿಳಿದು ಓಡಿ ಬಂದಾಗ, ಮಣ್ಣು ಮಾಡುವ ಮುನ್ನ ಮಯ್ಯತ್ತಿಗೆ ಸ್ನಾನ ಮಾಡಿಸಲು ಮನೆಯ ಹೆಂಗಸರು ನನಗಾಗಿ ಕಾಯುತ್ತಿದ್ದರು. ಮೈ ತೊಳೆಯುವುದು ನನಗೆ ದಿನದ ಕೆಲಸ; ಕೈ ತಾನಾಗಿ ನಡೆಯುತ್ತದೆ. ಮೇಲೆ ಹೊದಿಸಿದ ಬಟ್ಟೆಯ ಕೆಳಗೆ ಕೈಯಾಡಿಸುತ್ತಿದ್ದಾಗ ಬಲಭುಜ ಸಿಕ್ಕಿತು. ಎಡದ್ದಕ್ಕಿಂತ ಕೆಳಗೆ ಇಳಿದುಹೋಗಿತ್ತು. ಅದರ ಹಿಂದೆ, ಪಂಜಾ ಬಡಿದು ಬಡಿದು, ಮಾಂಸವೆಲ್ಲ ಗಂಟುಗಟ್ಟಿ ಕಲ್ಲಾಗಿತ್ತು. ಓಣಿಯವರ ನಾಡಿಯನ್ನೆಲ್ಲ ನೋಡಿದವಳು ನಾನು. ಸೆರಗಿನ ಮರೆಯ ಈ ಭುಜವನ್ನು ಆಕೆ ನನಗೆ ಒಂದು ದಿನವೂ ತೋರಿಸಿರಲಿಲ್ಲ.

ಅದರ ಮೇಲೆ ನಿಧಾನವಾಗಿ ಬೆಚ್ಚನೆಯ ನೀರು ಹಾಕಿದೆ. ಪಕ್ಕದಲ್ಲಿದ್ದವರು ಸಾಕು ಅಂದರು. ನಾನು ಇನ್ನೊಂದು ತಂಬಿಗೆ ಹಾಕಿದೆ.