ಬಟ್ಟೆ ಒಗೆಯುವ ಬಂಡೆ

ನನ್ನ ಮಗನ ಮಾವ ಅರಿಯಲೂರಿನ ಸುಣ್ಣದಕಲ್ಲು ಗಣಿಯಲ್ಲಿ ಕೆಲಸ ಮಾಡಿದವರು. ಹೋದ ವರ್ಷ ಮಾಗಡಿಯ ನಮ್ಮ ಮನೆಗೆ ಬಂದಾಗ ಟವೆಲ್ಲಿನಲ್ಲಿ ಒಂದು ಕಲ್ಲು ಸುತ್ತಿಕೊಂಡು ತಂದಿದ್ದರು. ಬಿಚ್ಚಿದರೆ ಜಿಲೇಬಿಯಷ್ಟಗಲದ ಸುರುಳಿ ಚಿಪ್ಪು, ಪೂರಾ ಕಲ್ಲಾಗಿತ್ತು.

“ಸಮುದ್ರದ ಪ್ರಾಣಿ. ಹತ್ತು ಕೋಟಿ ವರ್ಷದ್ದು” ಅಂದರು. ನಾವೆಲ್ಲ ಬಾಯಿ ಬಿಟ್ಟುಕೊಂಡು ನೋಡಿದೆವು. ಅಷ್ಟಕ್ಕೇ ಸುಮ್ಮನಿರಬಾರದೆ? “ನಿಮ್ಮ ಸಾವನದುರ್ಗದ ಬೆಟ್ಟ ಅಷ್ಟು ದೊಡ್ಡದಿದ್ರೂ ಒಳಗೆ ಏನೂ ಇಲ್ಲ, ಬರೀ ಕಲ್ಲು” ಅಂದುಬಿಟ್ಟರು.

ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ರಿಟೈರ್ ಆದವಳು ನಾನು. ರೇಗಿಹೋಯಿತು. ಬೀಗರು ಅಂತಲೂ ನೋಡದೆ ಹಿತ್ತಲಿಗೆ ಕರೆದುಕೊಂಡು ಹೋಗಿ, ನಮ್ಮತ್ತೆಯ ಕಾಲದಿಂದ ಬಟ್ಟೆ ಒಗೆಯುತ್ತಿರುವ ಬಂಡೆ ತೋರಿಸಿದೆ. ಕೋಪ ಬಂದರೆ ನನಗೆ ಊರ ಮಾತೇ ಬರುವುದು.

“ಇದೂ ಸಾವನದುರ್ಗದ ಕಲ್ಲೇ. ಇನ್ನೂರೈವತ್ತು ಕೋಟಿ ವರ್ಷ ಆಗೈತೆ. ಭೂಮಿಯೊಳಗೆ ಕುದೀತಿದ್ದದ್ದು ತಣ್ಣಗಾಗಿ ಇದು ಕಲ್ಲಾದಾಗ ಲೋಕದಾಗೆ ಒಂದು ಚಿಪ್ಪಿರಲಿಲ್ಲ, ಒಂದು ಮೂಳೆಯಿರಲಿಲ್ಲ. ಒಳಗೆ ಏನಿರ್ತದೆ ಹೇಳಿ?”

ಬೀಗರು ಬಂಡೆಯ ಮೇಲೆ ಕೈಯಾಡಿಸಿದರು. ಸೋಪಿನ ನೊರೆ ಅಂಟಿತು. ಕೈ ತೊಳೆಯಲು ಇನ್ನೊಂದು ಕೈಯಲ್ಲಿದ್ದ ಚಿಪ್ಪನ್ನು ಎಲ್ಲಿಡುವುದೆಂದು ಸುತ್ತಮುತ್ತ ನೋಡಿದರು.

“ಇದರ ಮೇಲೇ ಇಡಿ” ಅಂದೆ. “ಅಜ್ಜಿ ತೊಡೆ ಮೇಲೆ ಮಗು ಕೂತಂಗಿರ್ತದೆ.”