ಕೆಂಪು ಡಬ್ಬಿ ಯಾರದು?

ಬೆಳಗಿನ ಐದೂವರೆ. ದಾಂಡೇಲಿಯ ಕೂಲಿಕಾರರ ಸಾಲುಮನೆಗಳ ಹಿಂದೆ, ತಗಡು ಹೊದಿಸಿದ ಹಿಟ್ಟಿನ ಗಿರಣಿಯೊಳಗೆ ಶಿವಗಂಗವ್ವ ಸೆರಗನ್ನು ಸೊಂಟಕ್ಕೆ ಬಿಗಿದು ಇಂಜಿನ್ನಿನ ಹ್ಯಾಂಡಲ್ ತಿರುವುತ್ತಿದ್ದಾರೆ. ಇಂಜಿನ್ನು ಒಮ್ಮೆ ಕೆಮ್ಮಿ ಸುಮ್ಮನಾಗುತ್ತದೆ. ಎರಡನೆಯ ಸಲವೂ ಅಷ್ಟೇ. "ಏಳೋ ನಮ್ಮಪ್ಪಾ, ಮಂದಿ ಕಾಯಾಕ್ಹತ್ಯಾರ," ಎಂದು ಅದಕ್ಕೇ ಗದರಿ ಇನ್ನೊಮ್ಮೆ ತಿರುವಿದಾಗ ಅದು ಗುಡುಗುಡು ಎನ್ನುತ್ತದೆ. ತಗಡಿನ ಮೇಲಿನ ಕಾಗೆಗಳು ಹಾರಿಹೋಗುತ್ತವೆ.

ಹೊರಗೆ ಡಬ್ಬಿಗಳ ಸಾಲು. ಹೆಂಗಸರು ನಸುಕಿನಲ್ಲೇ ಡಬ್ಬಿ ಇಟ್ಟು ನೀರಿಗೆ ಹೋಗುತ್ತಾರೆ. ಅವರು ಬರುವ ತನಕ ಪಾಳಿ ಕಾಯುವುದು ಡಬ್ಬಿಯ ಕೆಲಸ. ಸಾಲಿನ ತಲೆಯಲ್ಲಿ ಬಣ್ಣ ಚಕ್ಕೆಯೆದ್ದ ಕೆಂಪು ಡಬ್ಬಿಯೊಂದಿದೆ. ಶಿವಗಂಗವ್ವ ಮೊದಲು ಎತ್ತುವುದು ಅದನ್ನೇ. ಎರಡು ಸೇರು ಜೋಳ ಗಿರಣಿಯ ಬಾಯಿಗೆ ಬೀಳುತ್ತದೆ.

ಈ ಗಿರಣಿಯನ್ನು ಹಾಕಿದವರು ಅವರ ಗಂಡ ದ್ಯಾಮಪ್ಪ. ಊರು ಹಳಿಯಾಳದ ಹತ್ತಿರದ ತೇರಗಾಂವ. ಕಾಗದದ ಕಾರ್ಖಾನೆಯ ಕೆಲಸಕ್ಕೆಂದು ಧಾರವಾಡ, ಬೆಳಗಾವಿ ಕಡೆಯ ಮಂದಿ ಬಂದು ನೆಲೆಸುತ್ತಿದ್ದ ಕಾಲ. ಅವರಿಗೆ ಅನ್ನ ಉಂಡರೆ ಉಂಡಂತೆಯೇ ಅಲ್ಲ, ಜೋಳದ ರೊಟ್ಟಿ ಬೇಕು. ಅದನ್ನು ನೋಡಿಯೇ ದ್ಯಾಮಪ್ಪ ಎರಡೆಕರೆ ಹೊಲ ಮಾರಿ ೧೯೫೮ರಲ್ಲಿ ಇಂಜಿನ್ನು ತಂದರು. ಉಳವಿಯ ಜಾತ್ರೆಗೆ ಹೊರಟ ಚಕ್ಕಡಿಗಳು ಈ ದಾರಿಗೆ ಬಂದರೆ ಪುಕ್ಕಟೆ ಬೀಸಿಕೊಡುತ್ತಿದ್ದರು. ಕಾರ್ಖಾನೆಯಲ್ಲೋ ಕಾಡಿನಲ್ಲಿ ಬಿದಿರು ಕಡಿಯುವ ಕೂಪಿನಲ್ಲೋ ಯಾರಿಗಾದರೂ ಪೆಟ್ಟಾಯಿತೆಂದರೆ ಗಿರಣಿ ನಿಲ್ಲಿಸಿ ಸೈಕಲ್ ಏರುತ್ತಿದ್ದರು. "ಅವರಿಗೆ ಮನೀಕಿಂತ ಆಸ್ಪತ್ರೆ ದಾರಿ ಚಲೋ ಗೊತ್ತಿತ್ತು," ಎಂದು ಶಿವಗಂಗವ್ವ ನಗುತ್ತಾರೆ.

ಆದರೆ ಕೆಂಪು ಡಬ್ಬಿಯ ವಿಷಯಕ್ಕೆ ಅವರು ಎಂಟು ವರ್ಷ ನಕ್ಕಿರಲಿಲ್ಲ.

ಯಾರು ಎಷ್ಟು ಬೇಗ ಬಂದರೂ ಆ ಡಬ್ಬಿ ಮುಂದಿರುತ್ತಿತ್ತು. ಅದರ ಒಡತಿಯನ್ನು ಕಂಡವರಿಲ್ಲ. "ಯಾವಾಕಿ ಅದಾಳವ್ವ ಆ ಮಹಾರಾಣಿ, ನಿದ್ದೀನ ಮಾಡೂದಿಲ್ಲೇನು?" ಎಂದು ಪಾಳಿಯ ಹೆಂಗಸರು ಬೈದುಕೊಳ್ಳುವರು. ಮಾತು ಅಲ್ಲಿಗೆ ನಿಲ್ಲಲಿಲ್ಲ. ಗಿರಣಿ ದ್ಯಾಮಪ್ಪನಿಗೆ ಬೇಕಾದವಳೊಬ್ಬಳು ಇದ್ದಾಳೆ, ಅವಳ ಡಬ್ಬಿಯನ್ನು ಅವನೇ ಸೈಕಲ್ಲಿಗೆ ಕಟ್ಟಿಕೊಂಡು ಒಯ್ಯುತ್ತಾನೆ ಎಂಬ ಗುಸುಗುಸು ಶಿವಗಂಗವ್ವನ ಕಿವಿಗೂ ಬಿತ್ತು. ಒಂದು ದಿನ ಬುತ್ತಿ ತಂದಾಗ ಸೈಕಲ್ಲಿನ ಹಿಂದೆ ಆ ಡಬ್ಬಿ ಕಂಡಿತು. ಅವರು ಕೇಳಲಿಲ್ಲ. "ಕೇಳಿದ್ರ ಏನ್ ಬರತೈತೋ ಅಂತ ಅಂಜಿಕಿ ಇತ್ರಿ," ಎನ್ನುತ್ತಾರೆ.

ಹೋದ ಶ್ರಾವಣದಲ್ಲಿ ಒಂಬತ್ತು ದಿನದ ಜ್ವರಕ್ಕೆ ದ್ಯಾಮಪ್ಪ ತೀರಿಕೊಂಡರು. ಗಿರಣಿ ಮಾರಿ ತೇರಗಾಂವಕ್ಕೆ ಬಾ ಎಂದು ಮೈದುನ ಶಂಕ್ರಪ್ಪ ಕರೆದ. "ಹ್ಯಾಂಡಲ್ ತಿರುವೂದು ಹೆಂಗಸರ ಕೆಲಸ ಅಲ್ಲ ವೈನಿ," ಎಂದ. "ಬೀಸೂದು ಯಾವಾಗಿಂದ ಗಂಡಸರ ಕೆಲಸ ಆತೋ?" ಎಂದು ಕೇಳಿ ಶಿವಗಂಗವ್ವ ತಾವೇ ಬಾಗಿಲು ತೆಗೆದರು.

ಮೊದಲ ದಿನವೇ ಜಗಳ. ಸಾಲಿನಲ್ಲಿ ಕೆಂಪು ಡಬ್ಬಿ ಇರಲಿಲ್ಲ, ಮುಂದಿದ್ದದ್ದು ಕೆಂಚವ್ವನದು. ಹಿಟ್ಟು ಕೈಗೆ ಬಂದೊಡನೆ ಕೆಂಚವ್ವ ಡಬ್ಬಿ ಅಲುಗಿಸಿ ನೋಡಿದಳು. "ಯಜಮಾನ್ರು ಇದ್ದಾಗ ಒಂದ ಹಿಡಿ ಕಮ್ಮಿ ಬಂದಿಲ್ಲ. ನೀವು ಕುಂತ ದಿನಾನ ಹಿಂಗಾತಲ್ರಿ?"

"ನಾ ಏನ ಮುಕ್ಕಿದೆನೇನು?" ಎಂದು ಶಿವಗಂಗವ್ವನೂ ಏರಿದರು. ಇಂಜಿನ್ನು ನಿಲ್ಲಿಸಿ ಕಲ್ಲು ಬಿಚ್ಚಿ ನೋಡಿದರೆ, ಕಲ್ಲಿನ ಗೀರುಗಳಲ್ಲಿ, ಸುತ್ತಲಿನ ಸಂದಿನಲ್ಲಿ ಬೆಚ್ಚಗಿನ ಹಿಟ್ಟು ಕೂತಿತ್ತು. ದಿನವೂ ಸಂಜೆ ಕಲ್ಲು ಉಜ್ಜಿ ಸ್ವಚ್ಛ ಮಾಡುವುದರಿಂದ ಬೆಳಿಗ್ಗೆ ಮೊದಲು ಬೀಸುವವರ ಹಿಟ್ಟೇ ಆ ಸಂದುಗಳನ್ನು ತುಂಬಬೇಕು. ಆಮೇಲೆ ಬಂದವರಿಗೆ ಪೂರ್ತಿ ಸಿಗುತ್ತದೆ. ಸುದ್ದಿ ಹಬ್ಬಿದ್ದೇ ತಡ, ಮೂರು ದಿನ ಮುಂದಿನ ಜಾಗಕ್ಕೆ ಯಾರೂ ಒಲ್ಲರು. "ನೀ ಇಡ ನಿಂದು", "ಯಾಕ, ನಿನ್ನ ಗಂಡಗ ಪಗಾರ ಜಾಸ್ತಿ ಐತಿ, ನೀನ ಇಡ!"

ಹಾಗಾದರೆ ಎಂಟು ವರ್ಷ ಆ ಹಿಡಿ ಹಿಟ್ಟು ಕಳೆದುಕೊಂಡವಳು ಯಾರು?

ನಾಲ್ಕನೆಯ ದಿನ ಹಲ್ಲಿಲ್ಲದ ಮುದುಕಿಯೊಬ್ಬಳು ಆ ಕೆಂಪು ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು ಬಂದಳು. ಹೆಸರು ಮಾಲವ್ವ, ಆಸ್ಪತ್ರೆಯ ಹಿಂದಿನ ಗುಡಿಸಲಿನವಳು. "ತಂಗೀ, ನಿಂದು ಡಬ್ಬಿ. ಜೋಳಾ ಹಾಕಿ ಕೊಡ್ತಿಯೋ, ಇಟಗೊಂಡ ಬಿಡತಿಯೋ?"

ಜೋಳ ದ್ಯಾಮಪ್ಪನದು. ಮೊದಲು ಬೀಸಿ ಕಲ್ಲಿಗೆ ಹಿಡಿ ಹಿಟ್ಟು ಬಿಟ್ಟು, ಉಳಿದದ್ದನ್ನು ಮಾಲವ್ವನಿಗೆ ಒಯ್ದು ಕೊಡುತ್ತಿದ್ದರು. ಅವಳು ರೊಟ್ಟಿ ಬಡಿದು, ರೋಗಿಗಳ ಕಾವಲಿಗೆ ದೂರದಿಂದ ಬಂದು ಕೂತವರಿಗೆ ಹಂಚುತ್ತಿದ್ದಳು. "ದಿನಾ ಮೂವತ್ತು ರೊಟ್ಟಿಗೆ ಒಂದೆರಡು ಕಮ್ಮಿ. ಜೋಯಿಡಾ ಅಡವಿ ಕಡೆಯವರು ಅನ್ನಾ ಉಣ್ಣಾವರು. ಮೊದಲು ಮೂಗು ಮುರೀತಾರ, ಎರಡನೇ ದಿನಾ ತಾವ ಕೈ ಚಾಚತಾರ," ಎಂದಳು.

"ನನಗ ಒಂದ ಮಾತ ಹೇಳಲಿಲ್ಲಲ್ಲ ಅವರು," ಎಂದರು ಶಿವಗಂಗವ್ವ.

"ನಾನೂ ಕೇಳಿದೆ, ಮನ್ಯಾಗ ಗೊತ್ತೈತೇನೋ ಅಂತ. 'ಆಕಿ ಕೇಳಿದ್ರ ಹೇಳತೇನಿ, ಕೇಳವಲ್ಲಳು' ಅಂದು ನಕ್ಕ."

ಆ ಮಾತನ್ನು ನೆನೆದರೆ ಈಗಲೂ ಶಿವಗಂಗವ್ವನ ಕೈ ನಿಲ್ಲುತ್ತದೆ. "ಮನಸಿನಾಗ ಸಂಶೇ ಇಟಗೊಂಡ ಬುತ್ತಿ ಕಟ್ಟಿದೆನ್ರಿ. ಅವರು ಎಲ್ಲಾ ಉಂಡು, ಬುತ್ತಿ ಡಬ್ಬಿ ತೊಳದು ಕೊಡತಿದ್ರು. ಒಂದ ಸಲ ಕೇಳಿದ್ರ ಆಗತಿತ್ತು. ಇಬ್ಬರೂ ಕೂಡೇ ನಗತಿದ್ವಿ."

ಈಗ ದಿನಕ್ಕೆ ಎಪ್ಪತ್ತು, ಎಂಬತ್ತು ಡಬ್ಬಿ ಬೀಸುತ್ತಾರೆ. ಹ್ಯಾಂಡಲ್ ತಿರುವಿ ಬಲಗೈ ಹೆಬ್ಬೆರಳು ಬಾತಿದೆ. ಹುಬ್ಬಿನ ಮೇಲೆ ಸದಾ ಹಿಟ್ಟು. ಸೈಕಲ್ ಹೊಡೆಯಲು ಬರುವುದಿಲ್ಲ, ಹಾಗಾಗಿ ಮಧ್ಯಾಹ್ನ ಕೆಂಪು ಡಬ್ಬಿಯನ್ನು ತಲೆಯ ಮೇಲಿಟ್ಟುಕೊಂಡು ನಡೆದೇ ಹೋಗುತ್ತಾರೆ. ಹೊಸ ಬಣ್ಣ ಹಚ್ಚಿಸಿ ಎಂದರೆ ಒಪ್ಪುವುದಿಲ್ಲ. "ಅವರ ಕೈಲೆ ಹಚ್ಚಿದ್ದು ಇನ್ನೂ ಅಷ್ಟರ ಉಳದೈತಿ. ನಾ ಇರೂ ತನಕ ಇದ್ರ ಸಾಕು."

ಇಂದು ಪಾಳಿಯಲ್ಲಿ ಹೊಸಬಳೊಬ್ಬಳಿದ್ದಾಳೆ. ಬೈಲಹೊಂಗಲದಿಂದ ಮೊನ್ನೆ ಮೊನ್ನೆ ಮದುವೆಯಾಗಿ ಬಂದ ನೀಲಕ್ಕ. "ಅಕ್ಕಾರ, ನಾ ಎಷ್ಟ ಲಗೂ ಬಂದ್ರೂ ಈ ಕೆಂಪು ಡಬ್ಬಿ ಮುಂದ ಇರತೈತಿ. ಯಾರದ್ರಿ ಇದು?"

ಕೆಂಚವ್ವ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಾಳೆ. ಇಂಜಿನ್ನಿನ ಸದ್ದಿನ ಮೇಲೆ, ಎಲ್ಲರಿಗೂ ಕೇಳುವಂತೆ, ಶಿವಗಂಗವ್ವ ದನಿ ಎತ್ತಿ ಹೇಳುತ್ತಾರೆ:

"ನಮ್ಮ ಮನಿಯವರದವ್ವ. ಅವರು ಭಾಳ ಲಗೂ ಏಳತಾರ."